ಕುಮಟಗಿಯ ಕೀಲಿ ಯಾರ ಕಿಸೆಯಲ್ಲಿದೆಯೋ ಅವರಿಗೊಂದು ಬಹಿರಂಗ ಪತ್ರ

ಸಾಹೇಬರೇ, ಮೇಡಂ ಅವರೇ, ಮತ್ತು ನನ್ನ ಹಾಗೆ ನಳದ ಮುಂದೆ ಕೊಡ ಇಟ್ಟುಕೊಂಡು ಕಾಯುತ್ತಲೇ ದೊಡ್ಡವರಾದ ವಿಜಯಪುರದ ಮಂದಿಯೇ,

ಎಲ್ಲರಿಗೂ ನಮಸ್ಕಾರ. ಕುಮಟಗಿಯ ಹಳೇ ಮಂಟಪಕ್ಕೆ ಬಿದ್ದ ಕೀಲಿ, ಅಂದರೆ ಬೀಗ, ಮತ್ತು ಅದರ ಪಕ್ಕದ ಬತ್ತಿದ ಕೆರೆ, ಇವೆರಡರ ಬಗ್ಗೆ ಈ ಪತ್ರ. ಈ ಪತ್ರವನ್ನು ಲಕೋಟೆಯಲ್ಲಿ ಹಾಕಿಯೇ ಕಳಿಸಬೇಕು ಅಂತ ಇದ್ದೆ. ಆದರೆ ಲಕೋಟೆ ಮೇಲೆ ಯಾರ ಹೆಸರು ಬರೆಯಬೇಕು ಅನ್ನುವುದೇ ತಿಳಿಯಲಿಲ್ಲ. ಒಬ್ಬರನ್ನು ಕೇಳಿದರೆ "ಅದು ನಮ್ಮ ಕಡೆ ಬರೋದಿಲ್ರೀ" ಅಂದರು. ಇನ್ನೊಬ್ಬರು ಚಹಾ ಕುಡಿಸಿದರು, ಕುಮಟಗಿ ಭಾಳ ಚಂದ, ನಾವೂ ಸಣ್ಣವರಿದ್ದಾಗ ಹೋಗಿದ್ದೆವು ಅಂತ ಅರ್ಧ ತಾಸು ಮಾತಾಡಿದರು, ಕೊನೆಗೆ ಮೊದಲಿನವರ ಹತ್ತಿರವೇ ಹೋಗಿ ಅಂದರು. ಅದಕ್ಕೇ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಕೀಲಿ ಇದ್ದವರು ಓದಲಿ. ಇಲ್ಲದವರೂ ಓದಲಿ, ಅರ್ಧ ಮಾತು ಅವರಿಗೂ ಇದೆ.

ನಾನು ನಳದ ಕೆಲಸ ಮಾಡುವವನು. ಪ್ಲಂಬರ್ ಅನ್ನಿ, ಮಿಸ್ತ್ರಿ ಅನ್ನಿ, ಯಾವುದಾದರೂ ನಡೆಯುತ್ತದೆ. ನಮ್ಮ ಅಪ್ಪನದೂ ಇದೇ ಕೆಲಸ. ಊರಿನ ಹೆಸರು ವಿಜಯಪುರ ಅಂತ ಬದಲಾಗಿದ್ದು 2014ರಲ್ಲಿ, ನನ್ನ ಬಾಯಲ್ಲಿ ಮಾತ್ರ ಇನ್ನೂ ಬಿಜಾಪುರ ಅಂತಲೇ ಬರುತ್ತದೆ, ಕ್ಷಮೆ ಇರಲಿ. ಇತಿಹಾಸ ಓದಿದವನಲ್ಲ ನಾನು. ಆದರೆ ಪೈಪು ಎಲ್ಲಿಂದ ಬಂತು, ಎಲ್ಲಿ ಹೋಯಿತು, ನೀರು ಯಾಕೆ ನಿಂತಿತು ಅನ್ನುವುದನ್ನು ಗೋಡೆ ನೋಡಿ ಹೇಳಬಲ್ಲೆ. ಕುಮಟಗಿ ಬಗ್ಗೆ ಮಾತಾಡಲು ಅಷ್ಟು ಸಾಕು ಅಂತ ನನಗನ್ನಿಸುತ್ತದೆ. ಯಾಕಂದರೆ ಆ ಜಾಗದ ಇತಿಹಾಸ ಇರುವುದೇ ಪೈಪಿನಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುಮಟಗಿ ಅಂದರೆ ನಮ್ಮ ಊರಿನಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದ ಒಂದು ಹಳ್ಳಿ. ಅಲ್ಲೊಂದು ಕೆರೆ. ಕೆರೆಯ ಪಕ್ಕಕ್ಕೆ ಆದಿಲ್ ಶಾಹಿ ಸುಲ್ತಾನರ ಕಾಲದ ಸಣ್ಣ ಸಣ್ಣ ಮಂಟಪಗಳು. ಅದರಲ್ಲೊಂದು ಎರಡು ಅಂತಸ್ತಿನದು, ಚೌಕಾದ ಹೊಂಡದ ನಟ್ಟನಡುವೆ ನಿಂತಿದೆ, ಅದರ ಹತ್ತಿರ ಹೋಗಲು ಕಲ್ಲಿನ ದಾರಿ. ಜನ ಅದನ್ನು ಬೇಸಿಗೆ ಅರಮನೆ ಅನ್ನುತ್ತಾರೆ. ಅರಮನೆ ಅಂದ ತಕ್ಷಣ ಸಿಂಹಾಸನ, ದರ್ಬಾರು ಅಂತೆಲ್ಲ ನೆನೆಸಿಕೊಂಡು ಹೋದವರಿಗೆ ನಿರಾಸೆ ಆಗುತ್ತದೆ. ಅಲ್ಲಿ ದರ್ಬಾರು ನಡೆಸುವಷ್ಟು ಜಾಗವೇ ಇಲ್ಲ. ಬಂದು, ಕಾಲು ಚಾಚಿ, ಉಂಡು, ನೀರಿನ ಸಪ್ಪಳ ಕೇಳುತ್ತಾ ಮಲಗಿ, ಹೊತ್ತು ಇಳಿದ ಮೇಲೆ ಎದ್ದು ಹೋಗಲು ಕಟ್ಟಿದ ಜಾಗ ಅದು. ಈಗಿನ ಭಾಷೆಯಲ್ಲಿ ಪಿಕ್ನಿಕ್ ಸ್ಪಾಟು.

ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಏಳನೇ ಕ್ಲಾಸಿನಲ್ಲಿ, ಸಾಲಿಯಿಂದ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಿಂತುಕೊಂಡು. ಮಾಸ್ತರರು ಇದು ಇಂಥವರ ಕಾಲದ್ದು ಅಂತ ಏನೋ ಹೇಳಿದರು, ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಬುತ್ತಿ ಗಂಟಿನ ಮೇಲೆ. ಅವ್ವ ಕಟ್ಟಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗುರೆಳ್ಳು ಚಟ್ನಿ, ಮೊಸರು ಒಣಗಿ ಗಟ್ಟಿಯಾಗಿ ಬಟ್ಟೆಗೆ ಅಂಟಿಕೊಂಡಿತ್ತು. ಆ ವರ್ಷ ಕೆರೆಯಲ್ಲಿ ನೀರಿತ್ತು. ಒಂದು ಕಮಾನಿನ ಕೆಳಗೆ ಸಾಲಾಗಿ ಕೂತು ಉಂಡೆವು. ಉಂಡಾದ ಮೇಲೆ ಒಬ್ಬ ಹುಡುಗ ಮೊಳೆ ತೆಗೆದ. ಆಮೇಲಿನ ಕತೆಯನ್ನು ಮುಂದೆ ಹೇಳುತ್ತೇನೆ. ಅದನ್ನು ಹೇಳದೆ ಈ ಪತ್ರ ಬರೆಯುವ ಹಕ್ಕು ನನಗಿಲ್ಲ.

ಎರಡನೇ ಸಲ ಹೋಗುವಷ್ಟರಲ್ಲಿ ನಾನು ಕೆಲಸ ಕಲಿತಿದ್ದೆ. ಹತ್ತಿರದ ಹಳ್ಳಿಯಲ್ಲಿ ಒಬ್ಬರ ಮನೆಗೆ ಬೋರಿನಿಂದ ಲೈನು ಎಳೆಯುವ ಕೆಲಸ ಇತ್ತು, ಮಧ್ಯಾಹ್ನ ಬಿಸಿಲು ಜಾಸ್ತಿ ಅಂತ ಕುಮಟಗಿಗೆ ಹೋಗಿ ನೆರಳಲ್ಲಿ ಅಡ್ಡಾದೆ. ಮೇಲೆ ನೋಡಿದರೆ ಚಾವಣಿಯಲ್ಲಿ ನೀರು ಉದುರುವ ಬಾಯಿಗಳು! ಏಳನೇ ಕ್ಲಾಸಿನಲ್ಲಿ ಅದೇನೋ ಹೂವಿನ ಚಿತ್ತಾರ ಅಂದುಕೊಂಡಿದ್ದೆ. ಶವರ್ ಅದು. ನಾನು ಅಂಗಡಿಯಿಂದ ತಂದು ಫಿಟ್ ಮಾಡುವುದೂ ಅದನ್ನೇ. ಎದ್ದು ಗೋಡೆ ತಡವಿದೆ. ಪೈಪು ಗೋಡೆಯ ಹೊಟ್ಟೆಯೊಳಗೆ ಹೋಗಿದೆ. ಈಗ ಹೊಸ ಮನೆ ಕಟ್ಟುವವರು "ಪೈಪು ಹೊರಗೆ ಕಾಣಬಾರದು ನೋಡ್ರಿ, ಕನ್ಸೀಲ್ಡ್ ಮಾಡ್ರಿ" ಅಂತ ದೊಡ್ಡದಾಗಿ ಹೇಳುತ್ತಾರಲ್ಲ, ಆವತ್ತಿನಿಂದ ನನಗೆ ಅವರ ಮಾತು ಕೇಳಿದರೆ ನಗು ಬರುತ್ತದೆ. ಸುಮಾರು 400 ವರ್ಷದ ಹಿಂದೆ, ಮೋಟಾರಿಲ್ಲದೆ, ಪಿವಿಸಿ ಇಲ್ಲದೆ, ಯಾರೋ ನಮ್ಮಂಥವನೇ ಒಬ್ಬ ಮಿಸ್ತ್ರಿ ಇದನ್ನು ಮಾಡಿ ಮುಗಿಸಿದ್ದಾನೆ.

ಅವನು ಹೇಗೆ ಮಾಡಿದ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರವಾದರೆ ಈ ಪ್ಯಾರಾ ಹಾರಿಸಿ. ನೀರು ತಾನಾಗಿ ಮೇಲೆ ಏರುವುದಿಲ್ಲ. ಕೆರೆಯ ನೀರನ್ನು ಮೊದಲು ಮೇಲೆ ಎತ್ತಬೇಕು. ಆಗಿನ ಕಾಲಕ್ಕೆ ಎತ್ತು ಮತ್ತು ತೊಗಲಿನ ಚೀಲವೇ ಮೋಟಾರು. ಮೇಲೆತ್ತಿದ ನೀರು ತೊಟ್ಟಿಯಲ್ಲಿ ನಿಂತು, ಅಲ್ಲಿಂದ ಕೊಳವೆ ಹಿಡಿದು ಇಳಿದು, ಮಂಟಪದ ಗೋಡೆಯೊಳಗೆ ಮತ್ತೆ ಮೇಲೇರಿ ಚಾವಣಿಯಿಂದ ಉದುರಬೇಕು. ಶವರಿಗಿಂತ ತೊಟ್ಟಿ ಎತ್ತರ ಇದ್ದರೆ ಮಾತ್ರ ಇದು ಸಾಧ್ಯ. ಹತ್ತು ಮೀಟರ್ ಎತ್ತರದ ನೀರಿಗೆ ಹೆಚ್ಚುಕಡಿಮೆ ಒಂದು ಕಿಲೋ ಪ್ರೆಷರ್ ಅಂತ ನಾವು ಲೆಕ್ಕ ಹಿಡಿಯುತ್ತೇವೆ. ಅವನ ಹತ್ತಿರ ಪ್ರೆಷರ್ ಮೀಟರ್ ಇರಲಿಲ್ಲ, ಇದ್ದದ್ದು ಮಣ್ಣಿನ ಕೊಳವೆ. ಪ್ರೆಷರ್ ಕಡಿಮೆಯಾದರೆ ನೀರು ತೊಟ್ಟಿಕ್ಕುತ್ತದೆ, ಸುಲ್ತಾನ ಬೈಯುತ್ತಾನೆ. ಜಾಸ್ತಿಯಾದರೆ ಕೊಳವೆ ಒಡೆಯುತ್ತದೆ, ಗೋಡೆ ಒಡೆದು ಹುಡುಕಬೇಕು. ಆಗಲೂ ಬೈಗುಳವೇ. ಈ ಎರಡರ ನಡುವೆ ಲೆವಲ್ಲು ಹಿಡಿದು ನಿಲ್ಲಿಸಿದನಲ್ಲ, ಅವನ ಕಾಲಿಗೆ ಬೀಳಬೇಕು.

ಈ ವಿದ್ಯೆ ಕುಮಟಗಿಯಲ್ಲಿ ಮಾತ್ರ ಇತ್ತು ಅಂದುಕೊಳ್ಳಬೇಡಿ. ಇಡೀ ಬಿಜಾಪುರವೇ ಹೀಗೆ ನಡೆಯುತ್ತಿತ್ತು. ಹತ್ತಿರದ ತೊರವಿ ಹಳ್ಳಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಊರಿಗೆ ಬರುತ್ತಿತ್ತು, ಸುರಂಗ ಬಾವಡಿ ಅನ್ನುವ ಹೆಸರೇ ಅದಕ್ಕೆ ಸಾಕ್ಷಿ. ಬಾವಡಿ ಅಂದರೆ ಬಾವಿ. 1651ರಲ್ಲಿ ಮೊಹಮ್ಮದ್ ಆದಿಲ್ ಶಾಹ ಬೇಗಂ ತಲಾಬ್ ಅನ್ನುವ ಕೆರೆ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳು ನೆಲದಡಿ ಆಳದಲ್ಲಿ ಊರಿಗೆ ಹರಿದವು. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಅನ್ನುವ ನೀರಿನ ಗೋಪುರ ಕಟ್ಟಿದರು. ಇವತ್ತಿಗೂ ಊರಲ್ಲಿ ಆ ಚೌಕಾದ ಕಲ್ಲಿನ ಗೋಪುರಗಳಿವೆ, ನಾವು ಅದರ ಪಕ್ಕ ಸ್ಕೂಟರ್ ನಿಲ್ಲಿಸಿ ಮಿರ್ಚಿ ಭಜಿ ತಿನ್ನುತ್ತೇವೆ, ಅದೇನು ಅಂತ ಕೇಳುವುದಿಲ್ಲ. ನೀರು ಇಳಿಜಾರಿನಲ್ಲಿ ಬಂದು ಬಂದು ಪ್ರೆಷರ್ ಏರುತ್ತದೆ, ಮಣ್ಣಿನ ಕೊಳವೆ ತಡೆಯುವುದಿಲ್ಲ. ಅದಕ್ಕೆ ಗಂಜಿನಲ್ಲಿ ನೀರನ್ನು ಮೇಲೇರಿಸಿ ತೆರೆದ ತೊಟ್ಟಿಗೆ ಬಿಟ್ಟು, ಅಲ್ಲಿಂದ ಮತ್ತೆ ಕೆಳಗಿಳಿಸುತ್ತಿದ್ದರು. ಪ್ರೆಷರ್ ಅಲ್ಲೇ ಮುರಿಯುತ್ತಿತ್ತು. ಹೂಳೂ ಅಲ್ಲೇ ಕೂರುತ್ತಿತ್ತು. ಊರೊಳಗೆ ತಾಜ್ ಬಾವಡಿ, ಚಾಂದ್ ಬಾವಡಿ ಬೇರೆ. ಕುಡಿಯುವ ನೀರಿನ ಚಿಂತೆ ಮುಗಿದ ಮೇಲೆ ಆಟದ ನೀರು. ಅರಕಿಲ್ಲೆ ಅನ್ನುವ ಒಳಕೋಟೆಯ ಜಲಮಂಜಿಲ್ ನೋಡಿ, ಮುಬಾರಕ್ ಖಾನ್ ಮಹಲ್ ನೋಡಿ, ಎಲ್ಲ ನೀರಿನ ಆಟಕ್ಕೇ ಕಟ್ಟಿದವು. ಕುಮಟಗಿ ಅದೇ ಆಟದ ಊರ ಹೊರಗಿನ ಮನೆ.

ಒಂದು ಪ್ರಶ್ನೆ ನನಗೆ ಯಾವಾಗಲೂ ಬರುತ್ತದೆ. ಇಂಥ ಬಿಸಿಲಿನ ನಾಡಿನಲ್ಲಿ ಇಷ್ಟೊಂದು ನೀರಿನ ಶೋಕಿ ಯಾಕೆ? ನಮ್ಮ ಜಿಲ್ಲೆಗೆ ಮಳೆ ಎಷ್ಟು ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದು ವರ್ಷ ಬಂದರೆ ಎರಡು ವರ್ಷ ಇಲ್ಲ. ನಮ್ಮ ಡೋಣಿ ಹೊಳೆಯ ನೀರು ಉಪ್ಪು. ಅದು ಹರಿದು ಎರೆ ಹೊಲ ನೆನೆದರೆ "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ", ಹರಿಯದಿದ್ದರೆ ಓಣಿಯೆಲ್ಲ ಗುಳೆ. ನಾನು ಕಂಡುಕೊಂಡದ್ದು ಇಷ್ಟು: ಮಲೆನಾಡಿನವನು ಮಳೆ ನೋಡಲು ದುಡ್ಡು ಕೊಡುವುದಿಲ್ಲ. ಬೇಸಿಗೆಯಲ್ಲಿ ಮೈ ಸುಟ್ಟುಕೊಂಡವನಿಗೇ ಚಾವಣಿಯಿಂದ ಮಳೆ ಬೀಳಿಸಬೇಕು ಅನ್ನಿಸುತ್ತದೆ. ಸುಲ್ತಾನನ ಹತ್ತಿರ ಮುತ್ತು, ಕುದುರೆ ಎಲ್ಲ ಇದ್ದವು. ಬಂದ ಅತಿಥಿಗೆ ತೋರಿಸಿ ಬೆರಗು ಮಾಡಿಸಲು ಇಟ್ಟುಕೊಂಡಿದ್ದು ನೀರನ್ನು.

ಗೋಡೆಯ ಮೇಲಿನ ಚಿತ್ರಗಳೂ ಇದನ್ನೇ ಹೇಳುತ್ತವೆ. ಈಗ ಅರ್ಧಕ್ಕರ್ಧ ಅಳಿಸಿ ಹೋಗಿವೆ, ಆದರೂ ಕಣ್ಣು ಕಿರಿದು ಮಾಡಿ ನೋಡಿದರೆ ಕುದುರೆ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆಯುವವರು ಕಾಣುತ್ತಾರೆ. ಈಗಿನ ಪೋಲೋ ಆಟ, ಆಗ ಅದಕ್ಕೆ ಚೌಗಾನ್ ಅನ್ನುತ್ತಿದ್ದರು. ಕುಸ್ತಿ ಹಿಡಿದ ಪೈಲ್ವಾನರಿದ್ದಾರೆ. ಯುರೋಪಿನ ಉಡುಪು ತೊಟ್ಟವರಿದ್ದಾರೆ. ಹೆನ್ರಿ ಕಸಿನ್ಸ್ ಅನ್ನುವ ಬ್ರಿಟಿಷರ ಕಾಲದ ಪುರಾತತ್ವ ಅಧಿಕಾರಿ ನೂರು ವರ್ಷದ ಹಿಂದೆಯೇ ಕುಮಟಗಿಯ ನೀರಿನ ವ್ಯವಸ್ಥೆ ಮತ್ತು ಈ ಚಿತ್ರಗಳ ಬಗ್ಗೆ ಬರೆದಿಟ್ಟಿದ್ದಾನೆ. ಗಮನಿಸಿ, ಒಂದು ಕಡೆಯೂ ಯುದ್ಧದ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ. ಆಟ, ಕುಸ್ತಿ ನೋಡಿಕೊಂಡು ಊಟ ಮಾಡುವ ಗೋಡೆ ಅದು. ಖಾನಾವಳಿಯಲ್ಲಿ ಟಿವಿ ಹಚ್ಚಿದ ಹಾಗೆ ಅಂದರೆ ತಪ್ಪಾಗುತ್ತದೇನೋ, ಆದರೆ ನನಗೆ ಹಾಗೇ ಅನಿಸಿತು.

1686ರಲ್ಲಿ ಔರಂಗಜೇಬ ಬಿಜಾಪುರ ಹಿಡಿದ. ಅಲ್ಲಿಗೆ ದರ್ಬಾರು ಮುಗಿಯಿತು, ಶೋಕಿಯೂ ಮುಗಿಯಿತು. ನಮ್ಮ ಕೆಲಸದಲ್ಲಿ ಒಂದು ಮಾತಿದೆ, ಲೈನು ಹಾಕುವುದು ಒಂದು ದಿನದ್ದು, ಕಾಯುವುದು ದಿನದಿನದ್ದು. ಹೂಳು ತೆಗೆಯಲು, ಒಡೆದ ಕೊಳವೆ ಬದಲಿಸಲು, ಎತ್ತಿಗೆ ಮೇವು ಹಾಕಲು ಸಂಬಳ ಕೊಡುವವರು ಇಲ್ಲದ ಮೇಲೆ ಎಂಥ ವ್ಯವಸ್ಥೆಯಾದರೂ ಎಷ್ಟು ದಿನ ನಡೆದೀತು? ಊರೇ ಬಿಕೋ ಎಂದಿತು. ಆಮೇಲೆ 1885ರ ಹೊತ್ತಿಗೆ ಬ್ರಿಟಿಷರು ಜಿಲ್ಲೆಯ ಕಚೇರಿಯನ್ನು ಕಲಾದಗಿಯಿಂದ ಇಲ್ಲಿಗೆ ತಂದರು, ಹಳೇ ಮಹಲುಗಳಲ್ಲಿ ಮೇಜು ಕುರ್ಚಿ ಹಾಕಿಕೊಂಡರು. ಊರು ಮತ್ತೆ ಉಸಿರಾಡಿತು. ಕುಮಟಗಿ ದೂರ ಇತ್ತು. ಅಲ್ಲಿ ಕಚೇರಿ ಮಾಡಲು ಬರುವಂತಿರಲಿಲ್ಲ. ಬಹುಶಃ ಅದಕ್ಕೇ ಉಳಿಯಿತು.

ಸುಲ್ತಾನರು ಹೋದ ಮೇಲೆ ಅಂಥ ಜಾಗಗಳಲ್ಲಿ ಕೂತು ಉಂಡವರು ನಾವು, ಅಂದರೆ ರೊಟ್ಟಿ ಬುತ್ತಿಯ ಮಂದಿ. ನಮಗೇನು ಪಿಕ್ನಿಕ್ಕನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎಳ್ಳಮವಾಸ್ಯೆ ಬಂದರೆ ಬಂಡಿ ಹೂಡಿಕೊಂಡು, ಎತ್ತಿನ ಕೋಡಿಗೆ ಬಣ್ಣ ಬಳಿದು, ಇಡೀ ಮನೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೋ ಹಳ್ಳದ ದಂಡೆಯಲ್ಲೋ ಕೂತು ಉಣ್ಣುವುದು ನಮ್ಮ ಪದ್ಧತಿ. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ. ಹೊಲ ಇಲ್ಲದವರನ್ನೂ ಕರೆದುಕೊಂಡು ಹೋಗುತ್ತಾರೆ, ನಮಗೆ ಹೊಲ ಇಲ್ಲ, ನಾವು ಹಾಗೇ ಕರೆಸಿಕೊಂಡು ಹೋದವರು. ಸಂಕ್ರಮಣಕ್ಕೆ ಹೊಳೆ ದಂಡೆ. ಜಳಕ ಮಾಡಿ, ಅಲ್ಲೇ ಗಂಟು ಬಿಚ್ಚಿ, ಪಕ್ಕದವರ ಚಟ್ನಿ ನಮಗೆ, ನಮ್ಮ ಪಲ್ಯ ಅವರಿಗೆ. ನೀರಿನ ದಂಡೆಯಲ್ಲಿ ಕೂತು ಹಂಚಿಕೊಂಡು ಉಣ್ಣುವ ಈ ರೂಢಿ ಸುಲ್ತಾನರಿಗಿಂತಲೂ ಹಳೆಯದು ಅಂತ ನನಗೆ ಅನುಮಾನ. ಅವರು ಅದಕ್ಕೆ ಚಾವಣಿ ಹಾಕಿ ಶವರ್ ಜೋಡಿಸಿದರು, ಅಷ್ಟೇ.

ಈಗ ಹೋದ ವರ್ಷದ ಮಾತು. ಯುಗಾದಿ ಕಳೆದ ಮೇಲೆ ಒಂದು ರವಿವಾರ ಹೆಂಡತಿ, ಮಗಳು, ಬೆಂಗಳೂರಿನಿಂದ ಬಂದ ಅಳಿಯ, ಎಲ್ಲರನ್ನೂ ಕಟ್ಟಿಕೊಂಡು ಹೋದೆ. ಅಳಿಯನಿಗೆ ಶವರ್ ತೋರಿಸುವ ಹುಮ್ಮಸ್ಸು ನನಗೆ. ಕೆರೆ ಬತ್ತಿ ನೆಲ ಬಿರಿದಿತ್ತು. ಅದು ಬೇಸಿಗೆಯಲ್ಲಿ ಇದ್ದದ್ದೇ ಅನ್ನಿ. ಆದರೆ ಕೆರೆಗೆ ನೀರು ತರುವ ಹಳ್ಳದ ಕಡೆ ನಡೆದು ಹೋಗಿ ನೋಡಿದೆ. ಜಾಲಿ ಕಂಟಿ ಆಳೆತ್ತರ ಬೆಳೆದಿದೆ. ಹರಿವಿನ ಗುರುತೇ ಸಿಗುವುದಿಲ್ಲ. ಮಳೆ ಬಂದರೂ ನೀರು ಯಾವ ದಾರಿ ಹಿಡಿದು ಬರಬೇಕು? ವಾಪಸ್ ಬಂದರೆ ಚಿತ್ರ ಇರುವ ಮಂಟಪಕ್ಕೆ ಕೀಲಿ. ಅಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ.

"ಕಾಕಾ, ಕೀಲಿ ಯಾರ ಹತ್ತಿರ ಅದ?"

"ಬರ್ತಾನ ಬಿಡ್ರಿ ಅಂವ. ಬಂದಾಗ ಬರ್ತಾನ."

ಒಂದೂವರೆ ತಾಸು ಕಾದೆವು. ಬರಲಿಲ್ಲ. ಕೂರಲು ನೆರಳಿಲ್ಲ, ಕುಡಿಯಲು ನೀರಿಲ್ಲ, ಹೆಂಡತಿ ಮಗಳಿಗೆ ಹೋಗಬೇಕು ಅಂದರೆ ಒಂದು ಮರೆಯಿಲ್ಲ. ಬುತ್ತಿ ಬಿಚ್ಚದೆ ಹಾಗೇ ಗಾಡಿ ತಿರುಗಿಸಿ, ಬೈಪಾಸಿನ ಧಾಬಾದ ಹೊರಗಿನ ಕಟ್ಟೆ ಮೇಲೆ ಕೂತು ರೊಟ್ಟಿ ತಿಂದೆವು. ನೀರಿನ ಆಟಕ್ಕೆ ಕಟ್ಟಿದ ಊರಿಗೆ ಹೋಗಿ ಬಾಟಲಿ ನೀರು ಕೊಂಡು ಕುಡಿದು ಬಂದೆವು. ಅಳಿಯ ಒಳ್ಳೆಯವನು, ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಮನೆಗೆ ಬಂದು ಆ ಕೀಲಿಯನ್ನು ಬೈಯುತ್ತಾ ಕೂತಿದ್ದೆ. ರಾತ್ರಿ ಮಲಗಿದ ಮೇಲೆ ಏಳನೇ ಕ್ಲಾಸಿನ ಆ ಮೊಳೆ ನೆನಪಾಯಿತು. ಆ ಹುಡುಗ ಮೊಳೆಯಿಂದ ತನ್ನ ಹೆಸರು ಗೀಚಿದ, ಆಮೇಲೆ ಮೊಳೆ ನನ್ನ ಕೈಗೆ ಬಂತು. ನಾನೂ ಗೀಚಿದೆ. ಹೆಸರಿನ ಮೊದಲ ಅಕ್ಷರ ಮತ್ತು ಸಾಲಿಯ ಹಾಜರಿ ನಂಬರು. ಚಿತ್ರದ ಮೇಲೆ ಅಲ್ಲ, ಪಕ್ಕದ ಖಾಲಿ ಗೋಡೆಯ ಮೇಲೆ ಅಂತ ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಗಾರೆ ಕೆಲಸ ನೋಡಿದವನಿಗೆ ಗೊತ್ತು, ಖಾಲಿ ಅಂತ ಕಂಡ ಸುಣ್ಣದ ಪದರಿನ ಕೆಳಗೆ ಏನಿರುತ್ತದೆ ಅಂತ ಹೇಳಲು ಬರುವುದಿಲ್ಲ. ನಮ್ಮ ಸಾಲಿಯಂಥ ಎಷ್ಟು ಸಾಲಿಗಳು, ಎಷ್ಟು ಮೊಳೆಗಳು ಅಲ್ಲಿಗೆ ಬಂದು ಹೋಗಿರಬೇಡ! ಪೋಲೋ ಆಡುವವರ ಮುಖ ಅಳಿಸಿದ್ದು ಬರೀ ಮಳೆ ಗಾಳಿ ಅಂತ ಹೇಳಿದರೆ ಅದು ಸುಳ್ಳು. ಹಾಗಾಗಿ ಸಾಹೇಬರೇ, ಆ ಕೀಲಿ ನನ್ನಂಥವರಿಂದಲೇ ಬಿದ್ದದ್ದು. ಅದನ್ನು ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಕೀಲಿ ಇರಲಿ. ಆದರೆ ಕೀಲಿ ಇದ್ದವನು ಎಷ್ಟು ಗಂಟೆಗೆ ಬರುತ್ತಾನೆ ಅಂತ ಒಂದು ಫಲಕ ಇರಲಿ, ಆ ಹೊತ್ತಿಗೆ ಅವನು ಇರಲಿ. ಮತ್ತೆ ಒಳಗಿನ ಚಿತ್ರಗಳ ದೊಡ್ಡ ಫೋಟೋಗಳನ್ನು ಹೊರಗೆ ಒಂದು ಕಡೆ ನಿಲ್ಲಿಸಿ. ಒಳಗಿನ ಕತ್ತಲೆಯಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ, ಮುಟ್ಟುವ ಕೈಗೂ ಫೋಟೋ ಸಿಗುತ್ತದೆ.

ಇನ್ನು ನನಗೆ ನಿಜವಾದ ಹೆದರಿಕೆ ಇರುವ ವಿಷಯ. ಹೀಗೆ ಬರೆದರೆ ಯಾರಾದರೂ ಮನಸ್ಸು ಮಾಡಿ "ಅಭಿವೃದ್ಧಿ" ಮಾಡಿಬಿಟ್ಟಾರು ಅಂತ. ಆಲಮಟ್ಟಿಗೆ ನಾವೆಲ್ಲ ಹೋಗುತ್ತೇವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು, ಅದರ ಕೆಳಗೆ ಉದ್ಯಾನ, ರಾಕ್ ಗಾರ್ಡನ್, ಸಂಜೆಗೆ ಹಾಡಿಗೆ ಕುಣಿಯುವ ಕಾರಂಜಿ. ಮಕ್ಕಳಿಗೆ ಖುಷಿ, ನನಗೂ ಖುಷಿ, ಕಾರಂಜಿಯ ನಾಝಲ್ಲುಗಳನ್ನು ನೋಡುತ್ತಾ ನಿಂತರೆ ನನ್ನನ್ನು ಎಳೆದುಕೊಂಡೇ ಹೋಗಬೇಕು. ಅಲ್ಲಿ ಅದು ಸರಿ. ಹಿಂದೆ ಕೃಷ್ಣೆ ತುಂಬಿ ನಿಂತಿದ್ದಾಳೆ, ಜಾಗ ಹೊಸದು, ಏನು ಬೇಕಾದರೂ ಕಟ್ಟಬಹುದು. ಕುಮಟಗಿಯಲ್ಲಿ ಸಿಮೆಂಟಿನ ಜಿಂಕೆ, ಸಿಮೆಂಟಿನ ಅಣಬೆ, ಬಣ್ಣದ ಲೈಟು, ಐ ಲವ್ ಕುಮಟಗಿ ಅನ್ನುವ ದೊಡ್ಡ ಅಕ್ಷರ, ಇವೆಲ್ಲ ಬಂದರೆ ನಾನು ಎದೆ ಒಡೆದುಕೊಳ್ಳುತ್ತೇನೆ. ಅದಕ್ಕಿಂತ ಈಗಿನ ಜಾಲಿ ಕಂಟಿಯೇ ಮೇಲು, ಅದನ್ನು ಕಡಿದರೆ ಹೋಗುತ್ತದೆ, ಸಿಮೆಂಟು ಹೋಗುವುದಿಲ್ಲ. ಮತ್ತೊಂದು. ಹಳೇ ಶವರಿನಿಂದ ನೀರು ಬರಿಸುತ್ತೇವೆ ಅಂತ ಯಾರಾದರೂ ಉತ್ಸಾಹಿ ಮೋಟಾರು ಜೋಡಿಸಿ ಆ ಹಳೇ ಕೊಳವೆಗೆ ಪ್ರೆಷರ್ ಬಿಟ್ಟರೆ, ಕೈ ಮುಗಿಯುತ್ತೇನೆ, ಹಾಗೆ ಮಾಡಬೇಡಿ. ಗೋಡೆಯೊಳಗೆ ಎಲ್ಲಿ ಒಡೆದಿದೆ ಅಂತ ಗೊತ್ತಿಲ್ಲದ ಲೈನಿಗೆ ನೀರು ಬಿಡುವವನು ಮಿಸ್ತ್ರಿಯೇ ಅಲ್ಲ. ಸುಣ್ಣದ ಗಾರೆ ಒಳಗಿಂದ ನೆನೆದರೆ ಚಿತ್ರ ಹೊಪ್ಪಳಿಕೆ ಎದ್ದು ಉದುರುತ್ತದೆ.

ನಾನು ಕೇಳುವುದು ಬಹಳ ಸಣ್ಣದು, ಮತ್ತು ಅದನ್ನು ಊರ ಹೊರಗಿನಿಂದ, ಹಳ್ಳದಿಂದ ಶುರು ಮಾಡಬೇಕು. ಮೊದಲು ಆ ಜಾಲಿ ತೆಗೆಸಿ, ನೀರಿನ ದಾರಿ ಬಿಡಿಸಿ, ಕೆರೆಯ ಹೂಳು ಎತ್ತಿಸಿ. ಹೂಳು ರೈತರಿಗೆ ಕೊಟ್ಟರೆ ತಾವೇ ಟ್ರ್ಯಾಕ್ಟರ್ ತಂದು ಒಯ್ಯುತ್ತಾರೆ, ಹೊಲಕ್ಕೆ ಅದು ಬಂಗಾರ. ನಮ್ಮ ಜಿಲ್ಲೆಯಲ್ಲಿ ಕೃಷ್ಣೆಯ ನೀರನ್ನು ಎತ್ತಿ ಪೈಪಿನಲ್ಲಿ ತಂದು ಕೆರೆಗಳನ್ನು ತುಂಬಿಸುವ ಕೆಲಸ ನಡೆದಿದೆ, ಅದರಿಂದ ಬತ್ತಿದ ಬಾವಿಗಳಲ್ಲಿ ನೀರು ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಬೋರಿನ ಕೆಲಸ ನನಗೆ ಕಡಿಮೆಯಾಗಿದ್ದೂ ಅದರಿಂದಲೇ. ಕುಮಟಗಿಗೂ ಆ ನೀರಿನ ಪಾಲು ಸಿಕ್ಕರೆ ಒಳ್ಳೆಯದೇ. ಆದರೆ ಹೊರಗಿನ ನೀರು ನಂಬಿಕೊಂಡು ಸ್ವಂತ ಹಳ್ಳ ಮುಚ್ಚಿಕೊಂಡರೆ ಮೋಟಾರು ಬಂದಾದ ದಿನ ಕೆರೆಯೂ ಬಂದ್. ಕೆರೆಯಲ್ಲಿ ನಾಲ್ಕು ತಿಂಗಳು ನೀರು ನಿಂತರೂ ಸಾಕು, ಆ ಮಂಟಪಗಳಿಗೆ ತಾವು ಯಾಕೆ ಅಲ್ಲಿ ನಿಂತಿದ್ದೇವೆ ಅನ್ನುವುದು ಗೊತ್ತಾಗುತ್ತದೆ. ನೋಡಲು ಬಂದವರಿಗೂ.

ಎರಡನೇದು ನನ್ನ ಕಸುಬಿನ ಆಸೆ. ನೀರು ಎಲ್ಲಿಂದ ಎತ್ತಿದರು, ತೊಟ್ಟಿ ಎಲ್ಲಿತ್ತು, ಕೊಳವೆ ಯಾವ ಕಡೆ ಹೋಯಿತು, ಯಾವ ಬಾಯಿಂದ ಬಿತ್ತು, ಬಿದ್ದ ನೀರು ಎಲ್ಲಿಗೆ ಹೋಯಿತು ಅನ್ನುವುದನ್ನು ತಿಳಿದವರಿಂದ ಗುರುತು ಹಾಕಿಸಿ. ಕಟ್ಟಡಕ್ಕೆ ಕೈ ಹಚ್ಚಬೇಡಿ. ಹೊರಗೆ ನೆಲದ ಮೇಲೆ ಒಂದು ಸಾಲು ಕಲ್ಲು ಜೋಡಿಸಿದರೆ ಮುಗಿಯಿತು, ನೀರಿನ ದಾರಿ ಹಿಡಿದು ಮಕ್ಕಳು ಓಡಿಕೊಂಡು ಹೋಗುತ್ತಾರೆ. ಇಂಥ ಸುಲ್ತಾನ ಇಂಥ ವರ್ಷ ಅಂತ ಬರೆದ ನೀಲಿ ಫಲಕವನ್ನು ಯಾವ ಹುಡುಗನೂ ಓದುವುದಿಲ್ಲ, ನಾನೂ ಓದಿರಲಿಲ್ಲ. ಆದರೆ ಕರೆಂಟಿಲ್ಲದೆ ಶವರ್ ಹೇಗೆ ಬರುತ್ತಿತ್ತು ಅಂತ ಕೇಳಿದರೆ ಹಿಂದಿನ ಬೆಂಚಿನವನೂ ಮುಂದೆ ಬರುತ್ತಾನೆ. ಬೇಕಾದರೆ ಒಂದು ಬಕೆಟ್ಟು, ನಾಲ್ಕು ಮೀಟರ್ ಪಾರದರ್ಶಕ ಲೆವಲ್ ಪೈಪು ತಗೊಂಡು ನಾನೇ ಬಂದು ತೋರಿಸುತ್ತೇನೆ, ಕೂಲಿ ಬೇಡ.

ಮೂರನೇದು ನೆರಳು, ಕುಡಿಯುವ ನೀರು, ಶೌಚಾಲಯ. ಮಂಟಪಗಳಿಂದ ದೂರ, ಕಣ್ಣಿಗೆ ಹೊಡೆಯದ ಹಾಗೆ. ಬೇವು, ಹುಣಸೆ, ಬನ್ನಿ ಹಚ್ಚಿ, ನಮ್ಮ ಬಿಸಿಲಿಗೆ ತಡೆಯುವ ಗಿಡಗಳು. ನೀವು ಹೆಂಗಸರಿಗೆ ಒಂದು ಚೊಕ್ಕ ಶೌಚಾಲಯ ಕೊಡಿ, ಅದರ ನಳದಲ್ಲಿ ನೀರು ಬರುವ ಹಾಗೆ ಇಡಿ, ಸಂಸಾರಗಳು ತಾವಾಗಿ ಬರುತ್ತವೆ. ಸಂಸಾರಗಳು ಬಂದರೆ ಸಂಜೆ ಬಾಟಲಿ ಹಿಡಿದು ಬರುವವರು ಬೇರೆ ಜಾಗ ಹುಡುಕಿಕೊಳ್ಳುತ್ತಾರೆ. ಇದು ನಾನು ಎಷ್ಟೋ ಗುಡಿ, ಎಷ್ಟೋ ಕೆರೆ ಅಂಗಳದಲ್ಲಿ ಕೆಲಸ ಮಾಡುವಾಗ ನೋಡಿದ್ದು.

ಇನ್ನು ಕೀಲಿ ಇಲ್ಲದವರಿಗೆ, ಅಂದರೆ ನಮಗೆ. ಮಂದಿಯೇ, ಬೇಸರ ಮಾಡಿಕೊಳ್ಳಬೇಡಿ. ಆ ಕೆರೆ ಅಂಗಳದಲ್ಲಿ ಥರ್ಮೋಕೋಲ್ ತಾಟು ಬಿಸಾಡಿದವರು ಯಾವ ದೇಶದಿಂದಲೂ ಬಂದವರಲ್ಲ. ನಮ್ಮ ಅವ್ವ ಬುತ್ತಿ ಕಟ್ಟುತ್ತಿದ್ದ ಬಟ್ಟೆಯಲ್ಲಿ ಬಿಸಾಡುವಂಥದ್ದು ಒಂದೂ ಇರುತ್ತಿರಲಿಲ್ಲ. ರೊಟ್ಟಿಯೇ ತಾಟು. ಉಂಡು ಬಟ್ಟೆ ಝಾಡಿಸಿದರೆ ಇರುವೆಗೂ ಪಾಲು. ಈಗ ಒಂದು ಕುಟುಂಬ ಉಂಡು ಎದ್ದರೆ ಒಂದು ಚೀಲ ಕಸ. ಸ್ಪೀಕರ್ ಬೇರೆ, ಒಬ್ಬನ ಹಾಡು ಇನ್ನೊಬ್ಬನ ಕಿವಿಗೆ, ಸುಮ್ನೆ ಯಾಕೆ? ಮತ್ತೆ ನಿಮ್ಮ ಹುಡುಗರ ಕಿಸೆಯಲ್ಲಿ ಮೊಳೆ ಇದೆಯಾ ನೋಡಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಕುಮಟಗಿಯ ಊರವರಿಗೂ ಒಂದು ಮಾತು. ಬಂದವರಿಗೆ ಜೋಳದ ರೊಟ್ಟಿ, ಝುಣಕ, ಮಜ್ಜಿಗೆ ಮಾಡಿ ಮಾರುವ ನಾಲ್ಕು ಹೆಣ್ಣುಮಕ್ಕಳು ನಿಮ್ಮಲ್ಲಿ ಇದ್ದರೆ, ಬುತ್ತಿ ತರದ ದಿನ ನಾನೇ ಮೊದಲ ಗಿರಾಕಿ.

ಬರುವ ಎಳ್ಳಮವಾಸ್ಯೆಗೆ ನಾವು ಮತ್ತೆ ಹೋಗುತ್ತಿದ್ದೇವೆ. ಆ ಹೊತ್ತಿಗೆ ಹೊಲದಲ್ಲಿ ಕಡಲೆ ಸುಲಗಾಯಿ ಬಂದಿರುತ್ತದೆ, ಬಿಸಿಲೂ ಅಷ್ಟಿರುವುದಿಲ್ಲ. ನಮ್ಮ ಓಣಿಯ ಹತ್ತು ಹನ್ನೆರಡು ಮಂದಿ ಕೊಡಲಿ, ಕುಡುಗೋಲು ತರುವುದಾಗಿ ಹೇಳಿದ್ದಾರೆ. ಅಪ್ಪಣೆ ಕೊಟ್ಟರೆ ಹಳ್ಳದ ಜಾಲಿ ಒಂದು ದಿನ ನಾವೇ ಕಡಿಯುತ್ತೇವೆ, ಮಂಟಪದ ಹತ್ತಿರ ಒಂದು ಕಲ್ಲನ್ನೂ ಅಲ್ಲಾಡಿಸುವುದಿಲ್ಲ. ಅಪ್ಪಣೆ ಕೊಡಬೇಕಾದವರು ಯಾರು ಅಂತ ಆ ದಿನದೊಳಗೆ ನೀವು ನೀವೇ ಮಾತಾಡಿಕೊಂಡು ತಿಳಿಸಿ. ಕೀಲಿ ಇಟ್ಟುಕೊಂಡಿರುವ ಅಣ್ಣನೂ ಬರಲಿ, ಸಿಟ್ಟಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಊಟ. ಹೆಂಡತಿ ಆಗಲೇ ಹೇಳಿಟ್ಟಿದ್ದಾಳೆ, ಈ ಸಲ ರೊಟ್ಟಿ ಇಪ್ಪತ್ತು ಜಾಸ್ತಿ ಬಡಿಯುತ್ತಾಳಂತೆ.

ಇಂತಿ,
ನಳದ ಕೆಲಸದವನು,
ವಿಜಯಪುರ